ಎಡಚನ ಎದುರಿನ ಸ್ಟೂಲು

ನನ್ನ ಚಿಕ್ಕಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಆಗಷ್ಟೇ ಮೊಟ್ಟೆಯೊಡೆದು ಬಂದ ಕೋಳಿಮರಿ ಕೈಗೆ ಸಿಕ್ಕರೆ ಸಾಕು, ಬೆಣ್ಣೆಯಂತಾಗಿಬಿಡುತ್ತಿದ್ದಳು. ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಹ್ಯಾಚರಿಯಲ್ಲಿ ಮರಿಗಳನ್ನು ತಳಿ ನೋಡಿ, ಗಂಡು ಹೆಣ್ಣು ನೋಡಿ ಬೇರ್ಪಡಿಸುವುದು ಅವಳ ಕೆಲಸ. ಕಪ್ಪು ತಳಿಯದು ಸುಲಭ, ನೆತ್ತಿಯ ಮೇಲೆ ಬಿಳಿ ಚುಕ್ಕೆ ಇದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು. ಹಳದಿ ತಳಿಯ ಮರಿಯಾದರೆ ಪುಟ್ಟ ರೆಕ್ಕೆ ಬಿಡಿಸಬೇಕು. ಗರಿಗಳು ಒಂದು ಉದ್ದ ಒಂದು ಗಿಡ್ಡ ಇದ್ದರೆ ಹೆಣ್ಣು, ಸಮನಾಗಿದ್ದರೆ ಗಂಡು. ನಾನೂ ಒಮ್ಮೆ ಕೈಹಾಕಿ ನೋಡಿದೆ, ಎಲ್ಲವೂ ಒಂದೇ ಥರ ಕಂಡವು. ಅವಳು ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತಿದ್ದಳು. ಮದುವೆಗೆಂದು ತೋರಿಸಿದ ವರಗಳನ್ನೂ ಅಷ್ಟೇ ಬೇಗ ಪಕ್ಕಕ್ಕೆ ಸರಿಸುತ್ತಿದ್ದಳು ಎನ್ನುವುದು ಅಜ್ಜಿಯ ಗೋಳಾಗಿತ್ತು.

ಅಲ್ಲಿ ಉದ್ದನೆಯ ಮೇಜಿನ ಒಂದೇ ಬದಿಗೆ ಎಲ್ಲರೂ ಕೂರುತ್ತಿದ್ದರು. ಎಡಗಡೆಯ ಪೆಟ್ಟಿಗೆ ಹೆಣ್ಣಿಗೆ, ಬಲಗಡೆಯದು ಗಂಡಿಗೆ. ಪೆಟ್ಟಿಗೆಯ ಮೇಲೆ ಏನೂ ಬರೆಯುವ ರೂಢಿ ಇರಲಿಲ್ಲ. ಅಂಥ ಕಡೆಗೆ ಹೊಸಬನೊಬ್ಬ ಬಂದು ಸೇರಿದ. ಪಳಗಿದ ಕೈ, ಆದರೆ ಎಡಗೈ. ಮೊದಮೊದಲು ಎಚ್ಚರವಾಗಿದ್ದ. ಕೆಲಸದ ಭರ ಏರಿದಂತೆ ಕೈ ತನ್ನ ಹಳೇ ದಾರಿ ಹಿಡಿಯಿತು, ಹೆಣ್ಣೆಲ್ಲ ಬಲಕ್ಕೆ, ಗಂಡೆಲ್ಲ ಎಡಕ್ಕೆ. ಗಾಡಿಗೆ ಏರಿಸುವ ಮುಂಚೆ ಮೇಸ್ತ್ರಿ ಹೆಣ್ಣಿನದೆಂದು ಒಂದು ಪೆಟ್ಟಿಗೆ ತೆರೆದರೆ ಒಳಗಿದ್ದವೆಲ್ಲ ಗಂಡು. ಅಷ್ಟರಲ್ಲಿ ಎಲ್ಲರ ಪೆಟ್ಟಿಗೆಗಳೂ ಕಲೆತುಹೋಗಿದ್ದವು. ಇಡೀ ಸಾಲು ಮೊದಲಿನಿಂದ ಮರಿ ನೋಡಬೇಕಾಯಿತು. ಚಿಕ್ಕಮ್ಮ ಅವನಿಗೆ ಚೆನ್ನಾಗಿ ಮಂಗಳಾರತಿ ಎತ್ತಿದಳು. ನಾಳೆಯೊಳಗೆ ಕೈ ಬದಲಿಸಿಕೋ, ಇಲ್ಲವೇ ಬೇರೆ ಕೆಲಸ ನೋಡಿಕೋ ಎಂದು ಮೇಸ್ತ್ರಿ ಹೇಳಿಬಿಟ್ಟ.

ಮರುದಿನ ಅವನ ಪಾಡು ನೋಡುವಂತಿರಲಿಲ್ಲ. ಪ್ರತಿ ಮರಿಯನ್ನೂ ಹಿಡಿದು, ಎಡವೋ ಬಲವೋ ಎಂದು ಲೆಕ್ಕ ಹಾಕುತ್ತ ಬೆವರುತ್ತಿದ್ದ. ಓರೆಗಣ್ಣಲ್ಲಿ ನೋಡುತ್ತಿದ್ದ ಚಿಕ್ಕಮ್ಮ ಕೊನೆಗೆ ಎದ್ದಳು. ಸ್ಟೂಲು ಎತ್ತಿಕೊಂಡವಳೇ ಮೇಜನ್ನು ಸುತ್ತಿ ಬಂದು ಅವನ ಎದುರಿಗೆ ಕೂತಳು.

"ನಿಮ್ಮ ರೂಢಿ ಹೇಗಿದ್ಯೋ ಹಾಗೇ ಹಾಕಿ. ನಿಮ್ಮ ಬಲ ನಂಗೆ ಎಡ."

ಇಬ್ಬರಿಗೂ ಸೇರಿ ಅವಳ ಎಡಕ್ಕೆ ಹೆಣ್ಣಿಗೊಂದು ಪೆಟ್ಟಿಗೆ, ಬಲಕ್ಕೆ ಗಂಡಿಗೊಂದು ಪೆಟ್ಟಿಗೆ; ತುಂಬಿದ್ದನ್ನು ಅವಳೇ ಎತ್ತಿಕೊಟ್ಟಳು. ಸಂಜೆ ಮೇಸ್ತ್ರಿ ಕೆದಕಿ ಕೆದಕಿ ನೋಡಿದರೂ ಒಂದು ಮರಿಯೂ ತಪ್ಪಿರಲಿಲ್ಲ. ಎಡಚನ ಕೆಲಸ ಉಳಿಯಿತು.

ಅಲ್ಲಿಂದ ದಿನವಿಡೀ ಮುಖಾಮುಖಿ. ಇವಳು ಸಿಡುಕಿದರೆ ಅವನು ನಗುತ್ತಿದ್ದ, ಅವನು ನಕ್ಕರೆ ಇವಳ ಸಿಡುಕು ಮರೆತೇ ಹೋಗುತ್ತಿತ್ತು. ಚಿಕ್ಕಮ್ಮ ಮನೆಯಲ್ಲಿ ಪಾತ್ರೆ ತೊಳೆಯುತ್ತ ಗುನುಗುವುದನ್ನು ನಾನೇ ಕೇಳಿದ್ದೇನೆ. ಮನಸ್ಸಿನಲ್ಲಿರುವುದನ್ನು ಅವನಿಗೆ ಹೇಳು ಅಂದರೆ ಮಾತ್ರ ಬಾಯಿಗೆ ಬೀಗ. ಅಷ್ಟು ಮಾತುಗಾರ್ತಿ ಅದೊಂದನ್ನು ಹೇಳಲಾರದೆ ಒದ್ದಾಡುತ್ತಿದ್ದಳು.

ಹಾಗಿರುವಾಗ ಮೇಸ್ತ್ರಿ ಬಣ್ಣದ ಪೆಟ್ಟಿಗೆ ತರಿಸಿದ. ಕೆಂಪು ಹೆಣ್ಣಿಗೆ, ನೀಲಿ ಗಂಡಿಗೆ. ಇನ್ನು ಯಾರು ಎಲ್ಲಿ ಕೂತರೂ ನಡೆಯುತ್ತದೆ, ನಿನ್ನ ಜಾಗಕ್ಕೆ ಹೋಗಮ್ಮ ಎಂದ. ಬೇಡ ಅನ್ನಲು ಅವಳಿಗೆ ಯಾವ ನೆಪವೂ ಉಳಿಯಲಿಲ್ಲ. ಮುಖ ಊದಿಸಿಕೊಂಡು ಸ್ಟೂಲು ಎತ್ತಿಕೊಂಡು ಸಾಲಿನ ಆ ತುದಿಗೆ ಹೋದಳು.

ಮಧ್ಯಾಹ್ನ ಮೇಸ್ತ್ರಿ ಎಡಚನ ಕೆಂಪು ಪೆಟ್ಟಿಗೆ ತೆರೆದ. ಅರ್ಧಕ್ಕರ್ಧ ಗಂಡು. ಬಣ್ಣವೂ ಕಾಣುವುದಿಲ್ಲವೇನಯ್ಯ ಎಂದು ಗದರಿದ.

"ಬಣ್ಣ ಕಾಣುತ್ತೆ ಸಾರ್. ಕಣ್ಣು ಮರಿ ಮೇಲೆ ಇರ್ಲಿಲ್ಲ," ಎಂದ ಅವನು ತಲೆ ತಗ್ಗಿಸಿ.

ಇಡೀ ಸಾಲು ಗೊಳ್ಳೆಂದು ನಕ್ಕಿತು. ಚಿಕ್ಕಮ್ಮ ನಗಲಿಲ್ಲ. ಸ್ಟೂಲು ಎತ್ತಿಕೊಂಡು ಎಲ್ಲರ ಎದುರೇ ಮೇಜು ಸುತ್ತಿ ಬಂದು ಕೂತಳು. ಕೈಯಲ್ಲೊಂದು ಹಳದಿ ಮರಿ ಚಿಂವ್‌ಗುಡುತ್ತಿತ್ತು.

"ನಾನಿನ್ನು ಇಲ್ಲಿಂದ ಏಳಲ್ಲ. ನಿಮಗೂ ಅದೇ ಮನಸ್ಸಿದ್ರೆ ಮನೆಗೆ ಬಂದು ನಮ್ಮಮ್ಮನ್ನ ಕೇಳಿ."

"ಅವರನ್ನ ಹೋದ ವಾರಾನೇ ಕೇಳ್ದೆ," ಎಂದ ಎಡಚ. "'ಅವಳ ಬಾಯಿಗೆ ನಾನು ಸಿಕ್ಕಲ್ಲಪ್ಪ, ನೀನೇ ಅವಳನ್ನ ಕೇಳ್ಕೋ' ಅಂದ್ರು. ನಂಗೂ ಧೈರ್ಯ ಬರ್ಲಿಲ್ಲ."