ಅಟ್ಟದ ಕಾಯಿ ಒಣಗುವವರೆಗೆ

ಮರುಳಸಿದ್ದಯ್ಯನ ಗುಡಿಸಲು ಬೋರನಕಣಿವೆಯ ಆಚೆ, ಅವನ ತೆಂಗಿನ ತೋಟ ಮುಗಿದು ಕುರುಚಲು ಕಾಡು ಶುರುವಾಗುವಲ್ಲಿದೆ. ಊರೊಳಗೆ ಮನೆಯಿದ್ದರೂ ಅವನು ವರ್ಷವಿಡೀ ಅಲ್ಲೇ ಇರುತ್ತಿದ್ದ. ಮೇಲೆ ಅಟ್ಟದಲ್ಲಿ ಕಾಯಿ, ಕೆಳಗೆ ಒಲೆ, ಪಕ್ಕದಲ್ಲಿ ಅವನ ಚಾಪೆ. ಅಟ್ಟಕ್ಕೇರಿದ ಕಾಯಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅಷ್ಟೂ ಕಾಲ ಕೆಳಗೆ ಬೆಂಕಿಯ ಬಿಸಿ ಇರಬೇಕು, ಇಲಿ ಕೋತಿ ಓಡಿಸಲು ಮನುಷ್ಯನೂ ಇರಬೇಕು ಎನ್ನುವುದು ಅವನ ವಾದ.

ಹುಳಿಯಾರಿನ ನನ್ನ ಟೈಲರ್ ಅಂಗಡಿಯಿಂದ ಚೂರುಬಟ್ಟೆ ಒಯ್ದು ಗುಡಿಸಲ ಸುತ್ತ ಕಟ್ಟುತ್ತಿದ್ದ. ವಾರ ಬಿಟ್ಟು ಬಂದು, "ನೀನ್ ಕತ್ತರ್ಸಿದ್ ಬಟ್ಟೆಗೆ ಕೋತೀನೂ ಹೆದ್ರಲ್ಲ ಕಣ್ಲಾ ಪೀರ" ಅನ್ನುತ್ತಿದ್ದ.

ಯುಗಾದಿಯ ಹೊತ್ತಿಗೆ ಕಾಯಿ ಏರಿಸಿದ. ಆಷಾಢದಲ್ಲಿ ಎದೆನೋವು ಬಂದು ಸತ್ತ.

ಕಾರ್ಯ ಮುಗಿದ ಮೇಲೆ ಅವನ ತಮ್ಮ ರುದ್ರೇಶ್, ಕಾಯಿ ಇಳಿಸಿ ಹಸಿಯಾಗೇ ಮಾರಿ ಗುಡಿಸಲಿಗೆ ಬೀಗ ಹಾಕೋಣ ಎಂದ. ಮರುಳಸಿದ್ದಯ್ಯನ ಹೆಂಡತಿ ದ್ರಾಕ್ಷಾಯಣಮ್ಮ ನನ್ನ ಕಡೆ ತಿರುಗಿದರು.

"ಪೀರಣ್ಣ, ವರ್ಷ ಪೂರ್ತಿ ಅಲ್ಲಿ ನಾನಿರಕ್ಕಾಯ್ತದಾ? ನಿಮ್ಹತ್ರ ಎಲ್ಲಾ ಹೇಳ್ತಿದ್ರಲ್ಲ."

ಮರುಳಸಿದ್ದಯ್ಯ ಹೇಳುತ್ತಿದ್ದುದನ್ನೇ ಒಪ್ಪಿಸಿದೆ. ಮಳೆಗಾಲದಲ್ಲಿ ಸೌದೆ ಹತ್ತುವುದಿಲ್ಲ, ಚಾಪೆಯಡಿ ಚೇಳು ಸೇರುತ್ತದೆ. ಸೀತಾಫಲ ಹಣ್ಣಾಗುವಾಗ ಕರಡಿ ಬರುತ್ತದೆ, ಎದುರಾದರೆ ಓಡಬಾರದು. ಪುಷ್ಯದ ಚಳಿಗೆ ಒಂದು ಕಂಬಳಿ ಸಾಲದು. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳುತ್ತದೆ, ಬೇಲಿಯಂಚಿನ ಹುಲ್ಲನ್ನು ಮೊದಲೇ ಕೆರೆದು ಹಾಕಬೇಕು. ಹೇಳುವಾಗ ನನಗೆ ಏನೂ ಅನ್ನಿಸಲಿಲ್ಲ. ಗಿರಾಕಿಯ ಅಳತೆ ಓದಿದ ಹಾಗಿತ್ತು.

"ಕೇಳುಸ್ಕಂಡ್ರಾ ಅತ್ಗೆ? ಬುಡಿ ಅತ್ಲಾಗೆ" ಎಂದ ರುದ್ರೇಶ್.

"ಕರಡಿ ಓಡ್ಸಕ್ಕೆ ನಿಮ್ಮಣ್ಣನ್ ಗೊರ್ಕೆ ಸಾಕಾಗಿತ್ತು. ನನ್ ಬಾಯಿ ಸಾಲ್ದಾ?"

ರುದ್ರೇಶ್ ನಕ್ಕುಬಿಟ್ಟ. ನಾನೂ ನಕ್ಕಿರಬೇಕು.

ಮೂವರೂ ಗುಡಿಸಲಿಗೆ ಹೋದೆವು. ಒಲೆ ತಣ್ಣಗಿತ್ತು. ಮರುಳಸಿದ್ದಯ್ಯನ ಪಂಚೆ ಹಗ್ಗದ ಮೇಲೆ ಹಾಗೇ ಇತ್ತು. ರುದ್ರೇಶ್ ಏಣಿ ಹತ್ತಿ, "ಬೂಷ್ಟು ಹಿಡೀತೈತೆ" ಎನ್ನುತ್ತ ಒಂದು ಕಾಯಿ ಕೊಟ್ಟ. ದ್ರಾಕ್ಷಾಯಣಮ್ಮ ಅದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರು. ಒಣಗಿದ್ದರೆ ಒಳಗೆ ಕೊಬ್ಬರಿ ಕಟಕಟ ಬಡಿಯಬೇಕು. ನೀರು ತುಳುಕಿದ್ದು ನನಗೂ ಕೇಳಿಸಿತು.

"ಇನ್ನೂ ನೀರೈತೆ. ಅವ್ರು ಇಟ್ಟಿದ್ದು ಕೊಬ್ರಿಗೆ. ಮ್ಯಾಕಿಡಪ್ಪ ರುದ್ರೇಶ."

ಅವನು ಇಟ್ಟು ಇಳಿದ. ಅವರು ಒಲೆಯ ಮುಂದೆ ಕೂತು ಒಣಗರಿ ತುರುಕಿ ಬೆಂಕಿ ಹಚ್ಚಿದರು. ಹೊಗೆ ಅಟ್ಟದ ಕಡೆಗೆ ಏರಿತು.

"ಚೂರುಬಟ್ಟೆ ಇದ್ರೆ ಕಳ್ಸಿ ಪೀರಣ್ಣ."

ಕೋತಿ ಹೆದರುವುದಿಲ್ಲ ಎಂದು ಹೇಳಲು ಹೋಗಿ ಬಿಟ್ಟೆ. ಮಾರನೆಯ ದಿನ ಒಂದು ಚೀಲ ತುಂಬಿ ಕಳಿಸಿದೆ.