ಮಾವನ ಲಕೋಟೆಗೆ ಸೊಸೆಯ ಸಹಿ

ಪೊಲೀಸರು ಬಂದರೆ ಹಾನಿಯಾಳನ್ನು ಯಾರು ನೋಡಿಕೊಳ್ಳುತ್ತಾರೆ? ಆರು ದಿನದಿಂದ ನಬೀಲಾಳ ತಲೆಯಲ್ಲಿ ಇದೊಂದೇ. ಮಗಳ ಬ್ರೆಡ್ಡಿಗೆ ಜಾಮ್ ಸವರುವಾಗಲೂ ಇದೇ, ನಮಾಜಿಗೆ ನಿಂತಾಗಲೂ ಇದೇ. ಅಮೆರಿಕದ ವುಡಿನ್‌ವಿಲ್‌ನ ಅವರ ಬೀದಿಗೆ ಪೊಲೀಸರ ಕಾರು ಬಂದದ್ದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಆದರೂ ಕಸದ ಲಾರಿ ಬಂದು ನಿಂತರೆ ಸಾಕು, ಪರದೆ ಸರಿಸಿ ನೋಡುತ್ತಿದ್ದಳು.

ಅಡುಗೆಮನೆಯ ಡ್ರಾಯರಿನಲ್ಲಿ, ಒರೆಸುವ ಬಟ್ಟೆಗಳ ಕೆಳಗೆ, ಒಂದು ಕಾಗದವಿತ್ತು. ಕೌಂಟಿಯ ಚುನಾವಣಾ ಕಚೇರಿಯಿಂದ ಮಾವ ಪೀರ್ ಪಾಷಾ ಅವರ ಹೆಸರಿಗೆ ಬಂದದ್ದು. ಮತಪತ್ರದ ಲಕೋಟೆಯ ಮೇಲಿನ ಸಹಿ ನಮ್ಮಲ್ಲಿರುವ ಸಹಿಗೆ ಹೊಂದುತ್ತಿಲ್ಲ. ಅದು ನಿಮ್ಮದೇ ಎಂದು ಈ ಫಾರಮ್ಮಿನಲ್ಲಿ ಖಚಿತಪಡಿಸಿದರೆ ಮತ ಎಣಿಕೆಗೆ ಸೇರುತ್ತದೆ. ಗಡುವು ಈ ಸೋಮವಾರ ಸಂಜೆ ನಾಲ್ಕೂವರೆ.

ಹೊಂದುವುದಾದರೂ ಹೇಗೆ? ಸಹಿ ಹಾಕಿದವಳು ನಬೀಲಾ.

ಪೀರ್ ಪಾಷಾ ಟಿ. ನರಸೀಪುರದಲ್ಲಿ ಮೂವತ್ತೆಂಟು ವರ್ಷ ಕನ್ನಡ ಮೇಷ್ಟ್ರಾಗಿದ್ದವರು. ಮನೆಯಲ್ಲಿ ಮಿಕ್ಕವರು ಉರ್ದು ಆಡಿದರೂ ಸೊಸೆಯ ಜೊತೆ ಅವರದು ಕನ್ನಡವೇ. ಬೆಂಗಳೂರಿನ ಕಾನ್ವೆಂಟಿನಲ್ಲಿ ಅರ್ಧಂಬರ್ಧ ಕಲಿತ ಅವಳ ಕನ್ನಡವನ್ನು ತಿದ್ದುವುದು ಅವರ ನಿವೃತ್ತಿಯ ಉದ್ಯೋಗ. ಎಲೆಕ್ಷನ್ ಡ್ಯೂಟಿಗೆ ಒಮ್ಮೆಯೂ ರಜಾ ಕೇಳಿದವರಲ್ಲ. ಖಾಲಿ ಪೆಟ್ಟಿಗೆಯನ್ನು ಏಜೆಂಟರ ಮುಂದೆ ತಲೆಕೆಳಗು ಮಾಡಿ ತೋರಿಸಿ, ಮೊಹರು ಮಾಡಿ, ಆಮೇಲೆ ಬಾಗಿಲು ತೆರೆಯುತ್ತಿದ್ದ ಬಗೆಯನ್ನು ಊಟದ ಮೇಜಿನ ಮೇಲೆ ಕುಕ್ಕರಿನ ಸಮೇತ ಅಭಿನಯಿಸಿ ತೋರಿಸುತ್ತಿದ್ದರು. ಹೆಂಡತಿ ಬಿಲ್ಕೀಸ್ ತೀರಿಕೊಂಡ ಮೇಲೆ ಮಗ ಜುನೈದನ ಬಳಿಗೆ ಬಂದರು. ಈ ವಸಂತದಲ್ಲಿ ಅಮೆರಿಕದ ಪೌರತ್ವ ಸಿಕ್ಕಿತು. ಅಕ್ಟೋಬರಿನಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬಂತು.

"ಬೂತಿಲ್ಲ, ಏಜೆಂಟ್ರಿಲ್ಲ, ಬೆರಳಿಗೆ ಶಾಯಿನೂ ಇಲ್ಲ. ಕರೆಂಟ್ ಬಿಲ್ ಕಟ್ದಂಗೆ ಓಟು ಹಾಕ್ತೀರಲ್ಲ ಬೇಟಾ!" ಎಂದು ಸೊಸೆಯ ಮುಂದೆ ನಕ್ಕಿದ್ದರು.

ನಕ್ಕವರೇ ಎರಡು ವಾರ ಭೂತಗನ್ನಡಿ ಹಿಡಿದು ಅಭ್ಯರ್ಥಿಗಳ ಪುಸ್ತಿಕೆ ಓದಿದರು. ರಾಜ್ಯದ ಹತ್ತು ಕ್ಷೇತ್ರಗಳಿಂದ ಹತ್ತು ಜನ ಸಂಸತ್ತಿಗೆ ಹೋಗುತ್ತಾರೆಂದು ತಿಳಿದು, ಕ್ಯಾಲೆಂಡರಿನ ಹಿಂಬದಿಯಲ್ಲಿ ಹತ್ತಕ್ಕೂ ಪಟ್ಟಿ ಎಳೆದರು. "ನಮ್ ಕ್ಷೇತ್ರದಲ್ಲೇ ಬಿಗಿ ಪೈಪೋಟಿ ಇರೋದು," ಎಂದು ಕೆಳಗೆ ಗೆರೆ ಹಾಕಿದರು. ಚುನಾವಣೆಯ ದಿನ ಕೋಣೆಯ ಬಾಗಿಲು ಮುಚ್ಚಿಕೊಂಡು ಗುರುತು ಮಾಡಿ, ಲಕೋಟೆ ಅಂಟಿಸಿ ಹೊರಬಂದರು. ಆಗಸ್ಟಿನಲ್ಲಿ ಸಣ್ಣದೊಂದು ಸ್ಟ್ರೋಕ್ ಆದಾಗಿನಿಂದ ಬಲಗೈ ನಡುಗುತ್ತಿತ್ತು. "ಸಹಿ ಸಾಯಂಕಾಲ ಮಾಡ್ತೀನಿ, ಕೈ ಸ್ವಲ್ಪ ಹಿಡಿತಕ್ಕೆ ಬರ್ಲಿ," ಎಂದರು. ಸಾಯಂಕಾಲ ಮಾತ್ರೆಯ ಮಂಪರಿಗೆ ನಿದ್ದೆ ಹೋದರು.

ಲೈಬ್ರರಿ ಬಳಿಯ ಮತಪೆಟ್ಟಿಗೆ ಎಂಟಕ್ಕೆ ಮುಚ್ಚುತ್ತಿತ್ತು. ಹಾನಿಯಾಳನ್ನು ಈಜು ತರಗತಿಯಿಂದ ಕರೆತರಬೇಕಿತ್ತು. ನಬೀಲಾ ಕಾರಿನ ಸ್ಟಿಯರಿಂಗ್ ಮೇಲೆ ಲಕೋಟೆ ಇಟ್ಟು 'ಪೀರ್ ಪಾಷಾ' ಎಂದು ಗೀಚಿ, ಪೆಟ್ಟಿಗೆಗೆ ಹಾಕಿದಳು. ಕ್ಲಿನಿಕ್ಕಿನ ಕಾಗದಕ್ಕೆ, ಔಷಧಿ ಅಂಗಡಿಯ ಚೀಟಿಗೆ ಅವರ ಸಹಿ ಹಾಕುತ್ತಿದ್ದವಳೂ ಅವಳೇ. ಬೆಂಗಳೂರಿನಲ್ಲಿ ಅವಳಮ್ಮ ಗ್ಯಾಸ್ ಸಿಲಿಂಡರಿನ ರಸೀದಿಗೂ ಮಕ್ಕಳ ಮಾರ್ಕ್ಸ್ ಕಾರ್ಡಿಗೂ ಅಪ್ಪನ ಸಹಿ ಹಾಕಿಬಿಡುತ್ತಿದ್ದರು. ಮನೆಯವರ ಸಹಿಯನ್ನು ಮನೆಯವರು ಹಾಕುವುದು ಅವಳ ಪಾಲಿಗೆ ಒಂದು ಮನೆಗೆಲಸ.

ಮರುದಿನ ಮಾವ ಕೇಳಿದ್ದರು, "ಸಹಿ ಮಾಡಿದ್ನಾ ನಾನು?"

"ಮಾಡಿದ್ರಲ್ಲ ಅಬ್ಬಾ."

ಬಾಯಿಗೆ ಬಂದ ಸುಳ್ಳು. ಆವತ್ತಿನಿಂದ ಅವರು ಮಾತು ಕಡಿಮೆ ಮಾಡಿದರು. ಮಾತ್ರೆ ನುಂಗಿದ್ದನ್ನೂ ಬಾಗಿಲ ಚಿಲಕ ಹಾಕಿದ್ದನ್ನೂ ಚೀಟಿಯಲ್ಲಿ ಬರೆದಿಡತೊಡಗಿದರು.

ಕಾಗದ ಬಂದ ದಿನ ಜುನೈದ್ ಗದರಿದ್ದ. "ತಲೆ ಕೆಟ್ಟಿದ್ಯಾ ನಬೀಲಾ? ಬೇರೆಯವ್ರ ಸೈನ್ ಹಾಕೋದು ಅಪರಾಧ ಅಂತ ಲಕೋಟೆ ಮೇಲೇ ಬರ್ದಿದೆ. ನೀನು ಸಿಟಿಜನ್ ಆಗಿ ಒಂದೂವರೆ ವರ್ಷ ಆಗಿಲ್ಲ. ಅಬ್ಬಾ ಹತ್ರ ಏನೋ ಹೇಳಿ ಫಾರಮ್‌ಗೆ ಸೈನ್ ಮಾಡ್ಸು. ಇಲ್ಲಾಂದ್ರೆ ಬಿಟ್ಬಿಡು. ಒಂದು ಓಟು ಹೋದ್ರೆ ಏನ್ ಮುಳುಗೋಗುತ್ತೆ?"

ಸೋಮವಾರ ಮಧ್ಯಾಹ್ನ ಎರಡೂವರೆ. ಜುನೈದ್ ರೆಡ್ಮಂಡಿನ ಆಫೀಸಿನಲ್ಲಿದ್ದ. ಮಾವ ಐಪ್ಯಾಡಿನಿಂದ ತಲೆಯೆತ್ತಿದರು.

"ಒಂಬತ್ತು ಕ್ಷೇತ್ರ ಮುಗೀತು ಬೇಟಾ. ನಮ್ದೊಂದೇ ಬಾಕಿ. ಅಂತರ ಇನ್ನೂರ ಹನ್ನೆರಡು. ಅದ್ರೊಳಗೆ ನಂದೂ ಒಂದಿದೆ, ನೋಡು!" ಆಮೇಲೆ ದನಿ ತಗ್ಗಿಸಿದರು. "ಜುನೈದ್‌ಗೆ ಹೇಳ್ಬೇಡ. ನನ್ಗೊಂದು ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೋ. ಆ ಸಹಿ ಮಾಡಿದ್ದು ಎಷ್ಟು ತಿಣುಕಿದ್ರೂ ನೆನಪಾಗ್ತಿಲ್ಲ. ತಲೆ ಹೋಗ್ತಾ ಇದೆ ಅನ್ಸುತ್ತೆ."

ನಬೀಲಾ ಡ್ರಾಯರ್ ಎಳೆದಳು. ಕಾಗದವನ್ನು ಅವರ ಮುಂದಿಟ್ಟು, ಕುರ್ಚಿಯ ಬೆನ್ನು ಹಿಡಿದು ನಿಂತಳು. ಅವರು ಒಂದೊಂದೇ ಸಾಲು ಓದಿದರು.

"ಯಾರ ಸಹಿ?"

"ನಂದು ಅಬ್ಬಾ. ನೀವು ಮಲ್ಗಿದ್ರಿ. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ."

"ಹಾಗಾದ್ರೆ ನನ್ನ ತಲೆ ನೆಟ್ಟಗಿದೆ," ಎಂದು ಉಸಿರುಬಿಟ್ಟರು. ಮರುಕ್ಷಣವೇ ಮುಖ ಬಿಗಿಯಿತು. "ಇಪ್ಪತ್ತು ದಿನ ನಾನು ಚೀಟಿ ಬರ್ಕೊಂಡು ಓಡಾಡಿದೆ. ನೋಡ್ಕೊಂಡು ಸುಮ್ನಿದ್ಯಲ್ಲ ನಬೀಲಾ."

ಬೇಟಾ ಎನ್ನಲಿಲ್ಲ. ಪೊಲೀಸರ ಭಯಕ್ಕಿಂತ ಅದು ಆಳಕ್ಕೆ ಇಳಿಯಿತು.

"ಹೆದರ್ಕೆ ಆಯ್ತು. ಹಾನಿಯಾ ಚಿಕ್ಕವ್ಳು... ನನ್ನ ಕರ್ಕೊಂಡು ಹೋದ್ರೆ?"

ಅವರು ಫಾರಮ್ಮನ್ನು ಅವಳತ್ತ ಸರಿಸಿದರು. "ಆ ಸಹಿ ನಂದು ಅಂತ ಇದ್ರಲ್ಲಿದೆ. ನಾನು ಹಾಗೆ ಬರ್ಕೊಡಲ್ಲ. ಒಂದ್ಸಲ ನನ್ನ ಬೂತಲ್ಲಿ ಒಬ್ಳು ತನ್ನ ಅತ್ತೆಯ ಚೀಟಿ ಹಿಡ್ಕೊಂಡು, ಅತ್ತೆ ಹೆಸ್ರಲ್ಲಿ ಓಟು ಹಾಕೋಕೆ ಬಂದ್ಳು. ಶಾಯಿ ಹಾಕೋ ಮುಂಚೆ ತಾನೇ ಅತ್ತುಬಿಟ್ಟು ನಿಜ ಹೇಳಿದ್ಳು. ಪೊಲೀಸ್ರಿಗೆ ಕೊಡಿ ಅಂತ ಏಜೆಂಟ್ರು ಕೂಗಾಡಿದ್ರು. ನಾನು ಮನೆಗೆ ಕಳಿಸ್ದೆ."

"ಇಲ್ಲಿನವ್ರೂ ಹಾಗೇ ಕಳಿಸ್ತಾರಾ ಅಬ್ಬಾ?"

"ಅದು ನನಗೆ ಗೊತ್ತಿಲ್ಲ. ಸುಳ್ಳು ಧೈರ್ಯ ಹೇಳಲ್ಲ. ಆದ್ರೆ ನನ್ನ ಓಟು ಡ್ರಾಯರಲ್ಲಿ ಕೂತು ಸಾಯೋದು ಬೇಡ."

ಹಾನಿಯಾ ಬಣ್ಣದ ಪೆನ್ಸಿಲ್ ಹಿಡಿದು ಬಂದಳು. "ವೈ ಈಸ್ ಮಮ್ಮಾ ಕ್ರೈಯಿಂಗ್, ದಾದಾ?"

"ಎಲೆಕ್ಷನ್ ಕಂದಾ. ನಮ್ ಕಡೆ ಸೋತವ್ರು ಮಾತ್ರ ಅಳ್ತಾರೆ, ಇಲ್ಲಿ ಓಟು ಹಾಕ್ದವ್ರೂ ಅಳ್ತಾರೆ," ಎಂದು ಮೊಮ್ಮಗಳನ್ನು ಮಡಿಲಿಗೆ ಎಳೆದುಕೊಂಡರು. ನಗು ಮಾತ್ರ ಅವರ ಕಣ್ಣಿಗೆ ಬರಲಿಲ್ಲ.

ಮೂರು ಗಂಟೆ ಹತ್ತು ನಿಮಿಷ. ನಬೀಲಾ ಕಾಗದದ ಕೊನೆಯಲ್ಲಿದ್ದ ನಂಬರನ್ನು ಫೋನಿನಲ್ಲಿ ಒತ್ತಿದಳು, ಕರೆ ಕತ್ತರಿಸಿದಳು. ಜುನೈದನನ್ನು ಮೊದಲು ಕೇಳಲೇ ಎಂದುಕೊಂಡಳು. ಅವನ ಉತ್ತರ ಗೊತ್ತಿತ್ತು. ಮತ್ತೆ ಒತ್ತಿದಳು. ಯಂತ್ರದ ದನಿ ನಾಲ್ಕೈದು ಭಾಷೆಗಳ ಹೆಸರು ಹೇಳಿತು, ಏನೇನೋ ಅಂಕಿ ಒತ್ತಿಸಿತು, ಹಾಡು ಹಾಕಿತು. ಗೆಳತಿಯೊಬ್ಬಳ ಕತೆಯೆಂದು ಶುರುಮಾಡಿ, ಆ ಕಡೆಯವರ ದನಿ ಗಡುಸಾದರೆ ಫೋನ್ ಇಟ್ಟುಬಿಡುವುದೆಂದು ಅವಳು ಲೆಕ್ಕ ಹಾಕಿದ್ದಳು.

ಹಾಡು ನಿಂತಿತು. ಹೆಂಗಸೊಬ್ಬಳ ದನಿ, ಏನು ಸಹಾಯ ಬೇಕು ಎಂದು ಕೇಳಿತು.

"ನನ್ನ ಮಾವನ ಲಕೋಟೆಯ ವಿಷಯ," ಎಂದಳು ನಬೀಲಾ ಇಂಗ್ಲಿಷಿನಲ್ಲಿ. "ಮತ ಅವರದೇ, ಗುರುತು ಹಾಕಿದ್ದು ಅವರೇ. ಹೊರಗಿನ ಸಹಿ ಅವರದಲ್ಲ. ನಾನು ಹಾಕಿದ್ದು. ಅವರ ಕೈ ನಡುಗುತ್ತದೆ, ಆದರೆ ಈಗಲೇ ಬಂದು ನಿಮ್ಮೆದುರು ಸಹಿ ಮಾಡಬಲ್ಲರು. ನಾನೂ ಬರುತ್ತೇನೆ."

ಆ ಕಡೆ ಕೀಬೋರ್ಡಿನ ಸದ್ದು ನಿಂತುಹೋಯಿತು.

"ಮೊದಲು ನಿಮ್ಮ ಹೆಸರು ಹೇಳಿ," ಎಂದಿತು ದನಿ.

ನಬೀಲಾ ಹೇಳಿದಳು.