ಅಕ್ಕಿ ಡಿಪೊ ಮುಂದೆ ದಿಲ್ಲಿ ಪೊಲೀಸರು

ಅರವತ್ತರ ದಶಕದಲ್ಲಿ ಅಕ್ಕಿಗೆ ತತ್ವಾರ ಬಂದಿದ್ದ ಕಾಲ. ನಾನಾಗ ಶಿವಮೊಗ್ಗದಲ್ಲಿ ಪೊಲೀಸ್ ಕಾನ್‌ಸ್ಟೆಬಲ್. ಭದ್ರಾವತಿಯ ಓಲ್ಡ್ ಟೌನಿನ ಅಕ್ಕಿ ಡಿಪೊ ಮುಂದೆ ಜನ ಸೇರಿದಾಗೆಲ್ಲ ನಮ್ಮನ್ನು ಬಂದೋಬಸ್ತಿಗೆ ಕಳಿಸುತ್ತಿದ್ದರು. ನನ್ನ ಅಕ್ಕನನ್ನು ಕೊಟ್ಟಿದ್ದೂ ಅದೇ ಬೀದಿಗೆ. ಭಾವ ಕಾರ್ಖಾನೆಯ ಶಿಫ್ಟಿಗೆ ಹೋದರೆ ಅಕ್ಕಿ ಸಾಲಿನಲ್ಲಿ ನಿಲ್ಲುವುದು ಅಕ್ಕನ ಪಾಲಿಗೆ.

ನಮ್ಮ ಬಂದೋಬಸ್ತಿಗೆ ಒಂದು ಪದ್ಧತಿಯಿತ್ತು. ಸಾಹೇಬರ ಜೀಪು ಕಂಡ ಕೂಡಲೇ ಲಾಠಿಯನ್ನು ನೆಲಕ್ಕೆ ಕುಟ್ಟಿ, ಗಂಟಲು ಹರಿಯುವಂತೆ ಗದರುತ್ತಿದ್ದೆವು. ಜನ ಹೆದರಿದವರಂತೆ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಜೀಪು ಮರೆಯಾದ ಮೇಲೆ ತಮ್ಮ ತಮ್ಮ ಜಾಗಕ್ಕೆ ಬಂದು ನಿಲ್ಲುತ್ತಿದ್ದರು. ಯಾರಿಗೂ ನೋವಿಲ್ಲ, ನಮ್ಮ ನೌಕರಿಗೂ ಕುತ್ತಿಲ್ಲ. ನನ್ನ ಆರ್ಭಟ ಕೇಳಿ ಅಕ್ಕ ಸೆರಗಿನ ಮರೆಯಲ್ಲಿ ನಗುತ್ತಿದ್ದಳು. ಸಂಜೆ ಅವಳ ಮನೆಗೆ ಕಾಫಿಗೆ ಹೋದರೆ, ಇವತ್ತು ದನಿ ಸಾಲಲಿಲ್ಲ ಎಂದು ಕಿಚಾಯಿಸುತ್ತಿದ್ದಳು.

ಎಲ್ಲೋ ಒಂದು ಕಡೆ ಡಿಪೊ ಲೂಟಿಯಾಯಿತಂತೆ. ದಿಲ್ಲಿ ಸರ್ಕಾರದ ಪೊಲೀಸ್ ಪಡೆ ನಮ್ಮಲ್ಲಿಗೂ ಬಂತು. ಕನ್ನಡ ಬಾರದ ಹುಡುಗರು. ಕೆಟ್ಟವರೇನಲ್ಲ, ನಮ್ಮಿಂದ ಬೀಡಿ ಇಸಿದುಕೊಂಡು ಸೇದುತ್ತಿದ್ದರು. ಆದರೆ ನಮಗೂ ಜನಕ್ಕೂ ಇದ್ದ ಆ ಒಳ ಒಪ್ಪಂದವನ್ನು ಅವರಿಗೆ ಯಾವ ಬಾಯಲ್ಲಿ ಹೇಳುವುದು? ಊರಿನ ಪೊಲೀಸರು ಜನಕ್ಕೆ ಸಲಿಗೆ ಕೊಟ್ಟಿದ್ದಾರೆಂದು ಅವರ ಅಧಿಕಾರಿಗೆ ಗುಮಾನಿ. ನಮ್ಮನ್ನು ಅವರ ಬೆನ್ನ ಹಿಂದೆ ನಿಲ್ಲಿಸಿದರು.

ಒಂದು ದಿನ ಅಕ್ಕಿ ಮುಗಿಯಿತೆಂದು ಡಿಪೊ ಬಾಗಿಲು ಹಾಕಿದರು. ಹಿಂದಿನ ಜನ ಮುಂದಕ್ಕೆ ನುಗ್ಗಿದರು. ಅಧಿಕಾರಿ ಹಿಂದಿಯಲ್ಲಿ ಏನೋ ಅಪ್ಪಣೆ ಕೊಟ್ಟ. ಲಾಠಿಗಳು ಮೇಲಕ್ಕೆದ್ದವು. ಅವು ನೆಲ ಕುಟ್ಟಲು ಎದ್ದವಲ್ಲವೆಂದು ನನಗೆ ನೋಡಿದೊಡನೆ ಗೊತ್ತಾಯಿತು. ಎದುರಿಗೇ ಅಕ್ಕ ಚೀಲ ಹಿಡಿದು ನಿಂತಿದ್ದಳು. ಅವರ ಸಾಲು ಸೀಳಿಕೊಂಡು ಹೋಗಲು ನೋಡಿದೆ, ನಮ್ಮ ದಫೇದಾರರು ಬೆಲ್ಟು ಹಿಡಿದು ಎಳೆದರು. ಓಡು, ಓಡು ಎಂದು ಇದ್ದಬದ್ದ ದನಿಯಲ್ಲೆಲ್ಲ ಕೂಗಿದೆ.

ಅವಳು ನನ್ನತ್ತ ನೋಡಿದಳು. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಎಂದಿನಂತೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಜಾಗ ತಪ್ಪಬಾರದೆಂದು ಅಲ್ಲೇ ನಿಂತಳು. ನಾನು ಜೋರು ಮಾಡಿದಷ್ಟೂ ಅವಳ ನಗು ಹೆಚ್ಚಾಯಿತು. ಅಷ್ಟರಲ್ಲಿ ಏಟು ಬಿತ್ತು.

ಬಲಗೈ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಕೂತವಳ ಮುಂದೆ ಖಾಕಿ ತೊಟ್ಟು ನಿಲ್ಲಲು ನನಗೆ ನಾಚಿಕೆಯಾಯಿತು. ಅಷ್ಟು ಬಡಕೊಂಡರೂ ಯಾಕೆ ಓಡಲಿಲ್ಲ ಎಂದು ಸಂಕಟಕ್ಕೆ ರೇಗಿಬಿಟ್ಟೆ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನೀನು ಯಾವಾಗ್ಲೂ ಹಂಗೇ ಕೂಗ್ತಿದ್ದೆ ಕಣೋ," ಎಂದಳು. "ಇವತ್ತು ನಿಜವಾಗ್ಲೂ ಕೂಗ್ತಿದೀಯ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕಿತ್ತು?"